ತಂದೆ ತಾಯಿಯರಿಗೆ ಗ್ರೀನ್ ಕಾರ್ಡ್: ನಾನು ಮಾಡಿಸಿದ ಬಗೆ

ಅಮೆರಿಕದ ಪೌರತ್ವ ಸಿಕ್ಕ ಮೇಲೆಯೇ ತಂದೆ ತಾಯಿಯರನ್ನು ಇಲ್ಲಿಗೆ ಖಾಯಂ ಆಗಿ ಕರೆಸಿಕೊಳ್ಳುವ ವಿಚಾರಕ್ಕೆ ನಾನು ಕೈಹಾಕಿದೆ. ಗ್ರೀನ್ ಕಾರ್ಡ್, ಅಂದರೆ ಖಾಯಂ ವಾಸದ ಪರವಾನಗಿ, ಇರುವವರು ಪತಿ, ಪತ್ನಿ ಅಥವಾ ಮದುವೆಯಾಗದ ಮಕ್ಕಳಿಗಾಗಿ ಅರ್ಜಿ ಹಾಕಬಹುದೇ ಹೊರತು ತಂದೆ ತಾಯಿಗಾಗಿ ಹಾಕುವಂತಿಲ್ಲ. ಅದಕ್ಕೆ 21 ವರ್ಷ ತುಂಬಿದ ಪೌರರೇ ಆಗಿರಬೇಕು. ಪೌರರ ತಂದೆ ತಾಯಿಗೆ ವಾರ್ಷಿಕ ಮಿತಿಯಾಗಲಿ, ಭಾರತದ ಅಣ್ಣತಮ್ಮಂದಿರನ್ನು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಕಾಯಿಸುವ ಸರದಿಯಾಗಲಿ ಅನ್ವಯಿಸುವುದಿಲ್ಲ. ಆದರೆ ಈ ವರ್ಗದಲ್ಲಿ ಒಬ್ಬರ ಅರ್ಜಿಯ ಬೆನ್ನಿಗೆ ಇನ್ನೊಬ್ಬರು ಬರುವ ಅವಕಾಶವಿಲ್ಲದ ಕಾರಣ, ಅಪ್ಪನಿಗೊಂದು ಅಮ್ಮನಿಗೊಂದು ಎಂದು ಸಂಬಂಧಿಕರನ್ನು ಕರೆಸಿಕೊಳ್ಳುವ ಎರಡು ಐ-130 ಅರ್ಜಿಗಳನ್ನು ಬೇರೆ ಬೇರೆಯಾಗಿ ಶುಲ್ಕ ಕಟ್ಟಿ ಸಲ್ಲಿಸಿದೆ.

‘ಪ್ರವಾಸಿ ವೀಸಾದಲ್ಲಿ ಕರೆಸಿಕೊಂಡು ಇಲ್ಲಿಂದಲೇ ಅರ್ಜಿ ಹಾಕಿಬಿಡು’ ಎಂದು ಸಲಹೆ ಕೊಟ್ಟವರು ಅನೇಕರು. ದೇಶದೊಳಗಿದ್ದುಕೊಂಡೇ ಗ್ರೀನ್ ಕಾರ್ಡಿನ ಅರ್ಜಿಯಾದ ಐ-485 ಸಲ್ಲಿಸುವ ದಾರಿ ಕಾನೂನಿನಲ್ಲಿ ಇರುವುದು ನಿಜ. ಆದರೆ ಇಲ್ಲೇ ನೆಲೆಸಬೇಕೆಂದು ಮೊದಲೇ ನಿಶ್ಚಯಿಸಿಕೊಂಡು, ವಿಮಾನ ನಿಲ್ದಾಣದ ಅಧಿಕಾರಿಯ ಮುಂದೆ ‘ಮೊಮ್ಮಕ್ಕಳನ್ನು ನೋಡಿಕೊಂಡು ಹೋಗಲು ಬಂದೆವು’ ಎಂದರೆ ಅದು ಸುಳ್ಳು ಹೇಳಿಕೆಯಾಗುತ್ತದೆ. ಎಪ್ಪತ್ತು ದಾಟಿದವರ ಬಾಯಲ್ಲಿ ಅಂಥ ಮಾತು ಆಡಿಸುವುದು ನನಗೆ ಸರಿಕಾಣಲಿಲ್ಲ. ಊರಿನಲ್ಲಿದ್ದುಕೊಂಡೇ ಕಾನ್ಸುಲೇಟ್ ಮೂಲಕ ಬರುವ ದಾರಿಯನ್ನೇ ಹಿಡಿದೆವು.

ಹೆಚ್ಚು ಶ್ರಮ ಬೇಡಿದ್ದು ಅಮೆರಿಕದ ಫಾರಂಗಳಲ್ಲ, ನಮ್ಮ ಊರಿನ ಕಾಗದಪತ್ರಗಳು. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೂ ಮೊದಲು ಸಾಗರ ತಾಲ್ಲೂಕಿನ ಹಳ್ಳಿಯ ಮನೆಯಲ್ಲಿ ಹುಟ್ಟಿದ ಇವರಿಬ್ಬರ ಜನನ ಎಲ್ಲಿಯೂ ದಾಖಲಾಗಿರಲಿಲ್ಲ. ಆದ್ದರಿಂದ ದಾಖಲೆ ಲಭ್ಯವಿಲ್ಲವೆಂಬ ಪ್ರಮಾಣಪತ್ರವನ್ನು ಮೊದಲು ಪಡೆದು, ಅದರೊಂದಿಗೆ ಶಾಲೆಯ ವರ್ಗಾವಣೆ ಪತ್ರವನ್ನೂ, ಅವರ ಹುಟ್ಟನ್ನು ಸ್ವತಃ ಬಲ್ಲ ಹಿರಿಯ ಬಂಧುಗಳ ಅಫಿಡವಿಟ್‌ಗಳನ್ನೂ ಜೋಡಿಸಿದೆವು. ಆ ವಯಸ್ಸಿನವರಿಗಿಂತ ಹಿರಿಯರು ಇನ್ನೂ ಬದುಕಿದ್ದು, ನೋಟರಿಯ ಮುಂದೆ ಸಹಿ ಹಾಕುವಷ್ಟು ಗಟ್ಟಿಯಾಗಿರುವುದು ಎಲ್ಲ ಕುಟುಂಬಗಳಿಗೂ ಒದಗುವ ಭಾಗ್ಯವಲ್ಲ. ಅರ್ಜಿ ಹಾಕುವುದು ನಾಲ್ಕು ವರ್ಷ ತಡವಾದರೂ ಈ ಅಫಿಡವಿಟ್‌ಗಳನ್ನು ಈಗಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

ಹೆಸರಿನ ಗೊಂದಲ ಇನ್ನೊಂದು ಬಗೆಯದು. ಮದುವೆಯ ದಿನ ಅಮ್ಮನ ಹೆಸರನ್ನು ಬದಲಾಯಿಸಿದ್ದರಿಂದ ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ನನ್ನ ಜನನ ಪ್ರಮಾಣಪತ್ರದಲ್ಲಿ ಮತ್ತೊಂದು ಹೆಸರು ಇತ್ತು. ಎರಡೂ ಒಬ್ಬರವೇ ಎಂಬ ಅಫಿಡವಿಟ್ ಅದಕ್ಕೂ ಬೇಕಾಯಿತು. ಅಪ್ಪನ ಹೆಸರಿನ ಹಿಂದೆ ಊರಿನ ಮತ್ತು ಅಜ್ಜನ ಹೆಸರಿನ ಇನಿಶಿಯಲ್‌ಗಳಿದ್ದವು, ಪಾಸ್‌ಪೋರ್ಟಿನ ಉಪನಾಮದ ಜಾಗ ಖಾಲಿಯಿತ್ತು. ಹಾಗೆಯೇ ಬಿಟ್ಟರೆ ವೀಸಾದಲ್ಲಿ ಇರುವ ಒಂದೇ ಹೆಸರು ಉಪನಾಮವಾಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ತಿಳಿದಿಲ್ಲ) ಎಂಬ ಮೂರಕ್ಷರ ಬರುತ್ತದೆ. ಮುಂದೆ ಬ್ಯಾಂಕು, ಆಸ್ಪತ್ರೆ, ಚಾಲನಾ ಪರವಾನಗಿ ಎಲ್ಲೆಡೆಯೂ ಅದೇ ಅವರ ಹೆಸರಾಗಿ ಕೂರುತ್ತದೆ. ಹೀಗಾಗಿ ಐ-130 ಹಾಕುವ ಮೊದಲೇ ಇಬ್ಬರ ಪಾಸ್‌ಪೋರ್ಟನ್ನೂ ಹೆಸರು ಬಿಡಿಸಿ ಬರೆಯಿಸಿ ಹೊಸದಾಗಿ ಮಾಡಿಸಿದೆ. ತಾಯಿಯ ಅರ್ಜಿಗೆ ನನ್ನ ಜನನ ಪ್ರಮಾಣಪತ್ರ ಸಾಕು, ತಂದೆಯದಕ್ಕೆ ಅವರ ವಿವಾಹ ಪ್ರಮಾಣಪತ್ರವೂ ಬೇಕು. ಲಗ್ನಪತ್ರಿಕೆ ಮತ್ತು ಹಳೆಯ ಫೋಟೋಗಳನ್ನು ಹಿಡಿದು, ಮದುವೆಯಾಗಿ ಎಷ್ಟೋ ದಶಕಗಳಾದ ಮೇಲೆ ಇಬ್ಬರೂ ಉಪನೋಂದಣಾಧಿಕಾರಿಯ ಕಚೇರಿಗೆ ಹೋಗಿ ಅದನ್ನು ನೋಂದಾಯಿಸಿ ಬಂದರು.

ಐ-130 ಮಂಜೂರಾದ ಮೇಲೆ ಕಡತ ರಾಷ್ಟ್ರೀಯ ವೀಸಾ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ತುಂಬಬೇಕಾದ ವೀಸಾ ಅರ್ಜಿ ಡಿಎಸ್-260 ಸುಲಭ; ಯೋಚಿಸಿ ಸಹಿ ಹಾಕಬೇಕಾದದ್ದು ಪೋಷಣೆಯ ಹೊಣೆ ಹೊರುವ ಐ-864. ನಮ್ಮ ಆದಾಯ ಸರ್ಕಾರದ ಬಡತನ ಮಾನದಂಡದ ಶೇಕಡಾ 125ರಷ್ಟಾದರೂ ಇರಬೇಕು. ನಾವು ನಾಲ್ವರು, ಜೊತೆಗೆ ಅವರಿಬ್ಬರು, ಹೀಗೆ ಆರು ಜನರಿಗೆ 2024ರಲ್ಲಿ ಅದು 52,450 ಡಾಲರ್. ಮೊತ್ತಕ್ಕಿಂತ ಅವಧಿಯೇ ದೊಡ್ಡದು: ಅವರು ಪೌರರಾಗುವವರೆಗೆ, ಅಥವಾ ಸುಮಾರು ಹತ್ತು ವರ್ಷದ ದುಡಿಮೆಗೆ ಸಮನಾದ 40 ತ್ರೈಮಾಸಿಕಗಳು ಅವರ ಸಾಮಾಜಿಕ ಭದ್ರತೆಯ ಖಾತೆಗೆ ಸೇರುವವರೆಗೆ, ಇಲ್ಲವೇ ಅವರು ಹಕ್ಕು ಬಿಟ್ಟು ದೇಶದಿಂದ ಹೊರಟುಹೋಗುವವರೆಗೆ ಈ ಹೊಣೆ ಮುಗಿಯುವುದಿಲ್ಲ. ಮುಂಬೈಯ ಸಂದರ್ಶನದ ಬಗ್ಗೆ ಹೇಳುವಂಥದ್ದು ಹೆಚ್ಚೇನೂ ಇಲ್ಲ. ಪೊಲೀಸ್ ಪ್ರಮಾಣಪತ್ರ, ಲಸಿಕೆ ಮತ್ತು ಎದೆಯ ಎಕ್ಸ್‌ರೇ ಸೇರಿದ ವೈದ್ಯಕೀಯ ತಪಾಸಣೆ ಮುಗಿದಿದ್ದರಿಂದ ಕೆಲವೇ ಪ್ರಶ್ನೆಗಳಲ್ಲಿ ಅದು ಮುಗಿಯಿತು.

ಬಂದ ಮೇಲೆ ಕಾಡುವ ಮೊದಲ ಪ್ರಶ್ನೆ ಆರೋಗ್ಯ ವಿಮೆಯದು. ಇಲ್ಲಿ ದುಡಿದಿರದ ಹಿರಿಯರು ಸರ್ಕಾರದ ಹಿರಿಯರ ಆರೋಗ್ಯ ವಿಮೆಯಾದ ಮೆಡಿಕೇರನ್ನು ಹಣ ಕೊಟ್ಟು ಕೊಳ್ಳಬೇಕಾದರೂ ಸತತ ಐದು ವರ್ಷ ಇಲ್ಲಿ ನೆಲೆಸಿರಬೇಕು. ಅಲ್ಲಿಯವರೆಗೆ ಸರ್ಕಾರದ ವಿಮಾ ಮಾರುಕಟ್ಟೆಯಾದ ಮಾರ್ಕೆಟ್‌ಪ್ಲೇಸಿನಲ್ಲಿ ಪಾಲಿಸಿ ಕೊಳ್ಳುವುದೇ ಗತಿ, ಮತ್ತು ಆ ವಯಸ್ಸಿಗೆ ಅದರ ಕಂತು ಚಿಕ್ಕದಲ್ಲ. ಇನ್ನು ತೆರಿಗೆ: ಗ್ರೀನ್ ಕಾರ್ಡ್ ಕೈಗೆ ಬಂದವರ ಊರಿನ ಆದಾಯವೂ ಅಮೆರಿಕದ ತೆರಿಗೆ ಲೆಕ್ಕಕ್ಕೆ ಸೇರುತ್ತದೆ. ಅಡಿಕೆಯ ಹಣ, ಠೇವಣಿಯ ಬಡ್ಡಿ, ಭಾರತದಲ್ಲಿ ತೆರಿಗೆಯಿಲ್ಲದ ಪಿಪಿಎಫ್ ಬಡ್ಡಿ ಎಲ್ಲವನ್ನೂ ತೋರಿಸಬೇಕು. ವಿದೇಶಿ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಮ್ಮೆ 10,000 ಡಾಲರ್ ದಾಟಿದರೂ ಆ ಖಾತೆಗಳ ವರದಿಯಾದ ಎಫ್‌ಬಿಎಆರ್ ಸಲ್ಲಿಸಬೇಕು. ಇಷ್ಟನ್ನೂ ಅಪ್ಪನಿಗೆ ಮೊದಲೇ ವಿವರಿಸಿದ್ದೆ. ‘ತೋಟ ನನ್ನದು, ಲೆಕ್ಕ ಅವರಿಗೇಕೆ’ ಎಂಬ ಅವರ ಪ್ರಶ್ನೆಗೆ ಉತ್ತರ ನನ್ನಲ್ಲಿರಲಿಲ್ಲ.

ಗ್ರೀನ್ ಕಾರ್ಡ್ ನೆಲೆಸುವವರಿಗಾಗಿ ಇರುವುದು. ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಮರಳುವಾಗ ಪ್ರಶ್ನೆ ಏಳುತ್ತದೆ, ವರ್ಷ ಮೀರುವುದಾದರೆ ದೇಶ ಬಿಡುವ ಮುನ್ನವೇ ಮರುಪ್ರವೇಶದ ಪರವಾನಗಿಗೆ ಅರ್ಜಿ ಹಾಕಿರಬೇಕು. ಅಮ್ಮನಿಗೆ ಇದರಿಂದ ತೊಂದರೆಯಾಗಲಿಲ್ಲ, ಅವರು ನಮ್ಮ ಜೊತೆಗೇ ಇದ್ದಾರೆ. ಕೊಯ್ಲಿಗೆ ಊರಿಗೆ ಹೋದ ಅಪ್ಪ ಪ್ರತಿ ವರ್ಷ ಬಹುಕಾಲ ಅಲ್ಲೇ ಇರಬೇಕಾದೀತೆಂದು ತೀರ್ಮಾನಿಸಿ, ಐ-407 ತುಂಬಿ ಕಾರ್ಡನ್ನು ಮರಳಿಸಿದರು. ಅವರ ಮಟ್ಟಿಗೆ ಐ-864ರ ನನ್ನ ಹೊಣೆಯೂ ಅಲ್ಲಿಗೆ ಮುಗಿಯಿತು. ಬಂದು ಹೋಗುವುದಕ್ಕಾಗಿ ಈಗ ಅವರ ಪ್ರವಾಸಿ ವೀಸಾ ಅರ್ಜಿಯನ್ನು, ಕಾರ್ಡ್ ಮರಳಿಸಿದ ದಾಖಲೆಯ ಸಮೇತ, ಸಿದ್ಧಪಡಿಸುತ್ತಿದ್ದೇನೆ.