ಇಂಡೆಕ್ಸ್ ಫಂಡೋ, ಆಕ್ಟಿವ್ ಫಂಡೋ: ನಿಮ್ಮ ಕೈಲಿ ತಡೆಯಲಾಗುವ ರಿಸ್ಕ್ ಯಾವುದು?

ಹೂಡಿಕೆ ಶುರು ಮಾಡುವವರು ಮೊದಲು ಕೇಳುವುದು “ಯಾವುದರಲ್ಲಿ ಲಾಭ ಜಾಸ್ತಿ?” ಎಂದು. ನನ್ನ ಪ್ರಕಾರ ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ. “ಯಾವ ಥರದ ನಷ್ಟವಾದರೆ ನಾನು ಗಾಬರಿಯಾಗದೆ ಕೂರಬಲ್ಲೆ?” ಪ್ಯಾಸಿವ್ ದಾರಿಯಲ್ಲೂ ರಿಸ್ಕ್ ಇದೆ, ಆಕ್ಟಿವ್ ದಾರಿಯಲ್ಲೂ ಇದೆ. ಆದರೆ ಎರಡೂ ಕಡೆ ಪೆಟ್ಟು ಬೀಳುವ ರೀತಿ ಬೇರೆ.

ಪ್ಯಾಸಿವ್ ಫಂಡ್, ಅಂದರೆ ಇಂಡೆಕ್ಸ್ ಫಂಡ್, ಒಂದು ಸೂಚ್ಯಂಕವನ್ನು (ಮಾರುಕಟ್ಟೆಯ ಏರಿಳಿತ ಅಳೆಯಲು ಮಾಡಿದ ಕಂಪನಿಗಳ ಪಟ್ಟಿಯನ್ನು) ಇದ್ದ ಹಾಗೇ ನಕಲು ಮಾಡುತ್ತದೆ. ಸೂಚ್ಯಂಕದಲ್ಲಿ ಯಾವ ಕಂಪನಿ ಎಷ್ಟಿದೆಯೋ ಫಂಡಿನಲ್ಲೂ ಅಷ್ಟೇ. ಆಕ್ಟಿವ್ ಫಂಡಿನಲ್ಲಿ ಮ್ಯಾನೇಜರ್ ಮತ್ತು ಅವರ ತಂಡ ಕಂಪನಿಗಳನ್ನು ಅಳೆದು ತೂಗಿ ಆರಿಸುತ್ತಾರೆ. ಸೂಚ್ಯಂಕವನ್ನು ಮೀರಿಸುವುದೇ ಅವರ ಗುರಿ.

ಹೆಜ್ಜೆ 1: ಖರ್ಚಿನ ಲೆಕ್ಕವನ್ನು ನೀವೇ ಹಾಕಿ

ಇದನ್ನು ದಯವಿಟ್ಟು ಬಿಡಬೇಡಿ. 10 ಲಕ್ಷ ಹಾಕಿದ್ದೀರಿ, ಫಂಡ್ ನಡೆಸಲು ಅವರು ಕಡಿತ ಮಾಡುವ ಖರ್ಚು ಕಳೆಯುವ ಮೊದಲು ವರ್ಷಕ್ಕೆ ಶೇ 8ರಂತೆ ಬೆಳೆಯುತ್ತದೆ ಎಂದುಕೊಳ್ಳಿ. ವರ್ಷದ ಖರ್ಚು ಶೇ 0.2 ಇದ್ದರೆ 25 ವರ್ಷದಲ್ಲಿ ಸುಮಾರು 65 ಲಕ್ಷವಾಗುತ್ತದೆ. ಖರ್ಚು ಶೇ 1.5 ಇದ್ದರೆ ಸುಮಾರು 48 ಲಕ್ಷ. ನೋಡೋಕೆ ಒಂದೂ ಕಾಲು ಪರ್ಸೆಂಟಿನಷ್ಟು ವ್ಯತ್ಯಾಸ, ಕೊನೆಗೆ ಕೈತಪ್ಪುವುದು 17 ಲಕ್ಷ! ಮಾರುಕಟ್ಟೆ ಏರಲಿ, ಇಳಿಯಲಿ, ಖರ್ಚು ಮಾತ್ರ ತಪ್ಪದೆ ಕಡಿತವಾಗುತ್ತದೆ.

ಇದೇ ವಿಷಯವನ್ನು ಅರ್ಥಶಾಸ್ತ್ರಜ್ಞ ವಿಲಿಯಂ ಶಾರ್ಪ್ 1991ರಲ್ಲಿ ತುಂಬ ಸರಳವಾಗಿ ತೋರಿಸಿದರು. ಒಂದು ಮಾರುಕಟ್ಟೆಯ ಎಲ್ಲ ಹೂಡಿಕೆದಾರರನ್ನು ಸೇರಿಸಿದರೆ ಅವರ ಸರಾಸರಿ ಗಳಿಕೆ ಮಾರುಕಟ್ಟೆಯ ಗಳಿಕೆಯೇ. ಪ್ಯಾಸಿವ್ ಜನರಿಗೆ ಸಿಗುವುದೂ ಅದೇ. ಹಾಗಾದರೆ ಉಳಿದ ಆಕ್ಟಿವ್ ಗುಂಪಿನ ಸರಾಸರಿಯೂ ಅಷ್ಟೇ ಆಗಲೇಬೇಕು, ಅಲ್ವಾ? ಅದರಲ್ಲಿ ಹೆಚ್ಚಿನ ಖರ್ಚು ಕಳೆದ ಮೇಲೆ ಆ ಗುಂಪು ಹಿಂದೆ ಬೀಳುತ್ತದೆ. ಗುಂಪಿನೊಳಗೆ ಕೆಲವರು ಗೆಲ್ಲುತ್ತಾರೆ, ನಿಜ. ಅವರು ಗೆದ್ದಷ್ಟನ್ನು ಇನ್ಯಾರೋ ಸೋತಿರುತ್ತಾರೆ.

ಅಮೆರಿಕದ ಹೆಸರಾಂತ ಹೂಡಿಕೆದಾರ ವಾರೆನ್ ಬಫೆಟ್ ಇಂಡೆಕ್ಸ್ ಫಂಡಿನ ಪರ ಕಟ್ಟಿದ ಬಾಜಿ ಇದಕ್ಕೆ ಒಳ್ಳೆಯ ಉದಾಹರಣೆ. 2008ರಿಂದ 2017ರವರೆಗೆ ಎಸ್ ಆ್ಯಂಡ್ ಪಿ 500 (ಅಮೆರಿಕದ ಸುಮಾರು 500 ದೊಡ್ಡ ಕಂಪನಿಗಳ ಸೂಚ್ಯಂಕ) ಇಂಡೆಕ್ಸ್ ಫಂಡ್ ಒಂದು ಕಡೆ, ಹೆಡ್ಜ್ ಫಂಡ್‌ಗಳಲ್ಲಿ (ಹೆಚ್ಚಾಗಿ ಸಿರಿವಂತರ ಮತ್ತು ಸಂಸ್ಥೆಗಳ ಹಣ ನಿರ್ವಹಿಸುವ ದುಬಾರಿ ಫಂಡ್‌ಗಳಲ್ಲಿ) ಹೂಡುವ ಐದು ಫಂಡ್‌ಗಳು ಇನ್ನೊಂದು ಕಡೆ. ಇಂಡೆಕ್ಸ್ ಫಂಡ್ ವರ್ಷಕ್ಕೆ ಸುಮಾರು ಶೇ 8.5ರಂತೆ ಬೆಳೆಯಿತು. ಎದುರಾಳಿಗಳ ಸರಾಸರಿ ಸುಮಾರು ಶೇ 3. ಆದರೆ ಮೊದಲ ವರ್ಷ, ಅಂದರೆ 2008ರಲ್ಲಿ, ಇಂಡೆಕ್ಸ್ ಫಂಡೇ ಜಾಸ್ತಿ ಬಿದ್ದಿತ್ತು. ಅಲ್ಲೇ ಹೆದರಿ ಹೊರಗೆ ಬಂದವರಿಗೆ ಆಮೇಲಿನ ಒಂಬತ್ತು ವರ್ಷ ಸಿಗುತ್ತಲೇ ಇರಲಿಲ್ಲ.

ಹೆಜ್ಜೆ 2: ಪ್ಯಾಸಿವ್‌ನ ರಿಸ್ಕ್ ಕಣ್ಣಾರೆ ನೋಡಿ

“ಇಂಡೆಕ್ಸ್ ಫಂಡ್ ಸೇಫ್” ಎಂಬ ಮಾತು ಕೇಳಿದಾಗೆಲ್ಲ ನನಗೆ ಕಸಿವಿಸಿಯಾಗುತ್ತದೆ. ಅದು ಅಗ್ಗ, ಸರಳ. ಸೇಫ್ ಅಲ್ಲ. 2008ರಲ್ಲಿ ಎಸ್ ಆ್ಯಂಡ್ ಪಿ 500 ಡಿವಿಡೆಂಡ್ (ಕಂಪನಿಗಳು ಹಂಚುವ ಲಾಭಾಂಶ) ಸೇರಿಸಿಯೂ ಸುಮಾರು ಶೇ 37 ಕುಸಿಯಿತು. 10 ಲಕ್ಷ ಹಾಕಿದ್ದವರ ಹಣ 6.3 ಲಕ್ಷಕ್ಕೆ ಇಳಿಯಿತು ಅಂದ ಹಾಗೆ. ಅದು ಮತ್ತೆ 10 ಲಕ್ಷ ಆಗಬೇಕಾದರೆ ಶೇ 59ರಷ್ಟು ಏರಬೇಕು. ಇಂಥ ಹೊತ್ತಿನಲ್ಲಿ ಇಂಡೆಕ್ಸ್ ಫಂಡ್ ಹಣವನ್ನು ಬೇರೆಡೆ ಸರಿಸುವುದಿಲ್ಲ. ಸೂಚ್ಯಂಕದ ಜೊತೆಗೇ ಕೆಳಗಿಳಿಯುವುದು ಅದರ ಕೆಲಸ.

ಬಿದ್ದದ್ದು ಬೇಗ ಏಳುತ್ತದೆ ಎಂಬ ಗ್ಯಾರಂಟಿಯೂ ಇಲ್ಲ. ಜಪಾನಿನ ನಿಕ್ಕೈ ಸೂಚ್ಯಂಕ 1989ರ ಡಿಸೆಂಬರ್ ಕೊನೆಯಲ್ಲಿ 38,915 ಮುಟ್ಟಿತು. ಆ ಮಟ್ಟವನ್ನು ಮತ್ತೆ ದಾಟಿದ್ದು 2024ರ ಫೆಬ್ರುವರಿಯಲ್ಲಿ. 34 ವರ್ಷ! ಡಿವಿಡೆಂಡ್ ಸೇರಿಸಿದರೆ ಕಾಯುವ ಕಾಲ ಕಡಿಮೆ ಎನ್ನುವುದು ನಿಜ, ಆದರೂ ಅದು ಸಣ್ಣ ಕಾಲವಲ್ಲ. ಒಂದೇ ದೇಶದ ಸೂಚ್ಯಂಕಕ್ಕೆ ಎಲ್ಲ ಹಣ ಕಟ್ಟಿದರೆ ಹೀಗೂ ಆಗಬಹುದು.

ಇನ್ನೊಂದು ರಿಸ್ಕ್ ಕಣ್ಣಿಗೆ ಬೇಗ ಬೀಳುವುದಿಲ್ಲ. ಹೆಚ್ಚಿನ ಸೂಚ್ಯಂಕಗಳಲ್ಲಿ ಕಂಪನಿಯ ಮಾರುಕಟ್ಟೆ ಮೌಲ್ಯ ಎಷ್ಟು ದೊಡ್ಡದೋ ಅದರ ಪಾಲು ಅಷ್ಟು ದೊಡ್ಡದು. 500 ಕಂಪನಿ ಎಂದು ಹೆಸರಿದ್ದರೂ, ಕಳೆದ ಕೆಲವು ವರ್ಷಗಳಲ್ಲಿ ಎಸ್ ಆ್ಯಂಡ್ ಪಿ 500ರ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಮೊದಲ ಹತ್ತು ಕಂಪನಿಗಳದ್ದೇ ಆಗಿತ್ತು. ಫಂಡ್ ಕೊಳ್ಳುವ ಮೊದಲು ಆ ಹತ್ತು ಹೆಸರು ಓದಿ. ಜೊತೆಗೆ ಸೂಚ್ಯಂಕದ ಗಳಿಕೆಗೂ ಫಂಡಿನ ಗಳಿಕೆಗೂ ನಡುವಿನ ಅಂತರ, ಅಂದರೆ ಟ್ರ್ಯಾಕಿಂಗ್ ಡಿಫರೆನ್ಸ್, ಎಷ್ಟಿದೆ ನೋಡಿ. ಕಡಿಮೆ ಇದ್ದಷ್ಟೂ ಒಳ್ಳೆಯದು.

ಹೆಜ್ಜೆ 3: ಆಕ್ಟಿವ್ ಫಂಡಾದರೆ ಈ ಪ್ರಶ್ನೆಗಳನ್ನು ಕೇಳಿ

ಆಕ್ಟಿವ್ ಫಂಡಿನಲ್ಲಿ ಮಾರುಕಟ್ಟೆಯ ರಿಸ್ಕ್ ಹೋಗುವುದಿಲ್ಲ. ಅದರ ಮೇಲೆ ಮನುಷ್ಯರ ನಿರ್ಧಾರದ ರಿಸ್ಕ್ ಸೇರಿಕೊಳ್ಳುತ್ತದೆ. ಮ್ಯಾನೇಜರ್ ತಪ್ಪು ಮಾಡಿದ್ದಾರೋ, ಅವರ ಕಾಲ ಇನ್ನೂ ಬಂದಿಲ್ಲವೋ ಎನ್ನುವುದು ಮೂರ್ನಾಲ್ಕು ವರ್ಷ ಕಳೆದರೂ ಗೊತ್ತಾಗದೆ ಹೋಗಬಹುದು. ಇದೇ ನನಗೆ ಎಲ್ಲಕ್ಕಿಂತ ಕಷ್ಟ ಎನಿಸುತ್ತದೆ. ಮಾರುಕಟ್ಟೆಯೇ ಬಿದ್ದರೆ ಎಲ್ಲರೂ ಬಿದ್ದಿರುತ್ತಾರೆ, ಸಮಾಧಾನ ಇರುತ್ತದೆ. ಎಲ್ಲರದ್ದೂ ಏರುತ್ತಿರುವಾಗ ನಿಮ್ಮದೊಂದೇ ಮಲಗಿದ್ದರೆ?

ಗೆಲ್ಲುವ ಶೇರುಗಳು ಎಷ್ಟು ವಿರಳ ಎನ್ನುವುದಕ್ಕೆ ಹಣಕಾಸು ಪ್ರಾಧ್ಯಾಪಕ ಹೆಂಡ್ರಿಕ್ ಬೆಸೆಂಬಿಂಡರ್ ಅವರ ಅಧ್ಯಯನ ನೋಡಬೇಕು. 1926ರಿಂದ 2016ರವರೆಗೆ ಅಮೆರಿಕದ ಶೇರು ಮಾರುಕಟ್ಟೆ, ಸರ್ಕಾರಿ ಅಲ್ಪಾವಧಿ ಸಾಲಪತ್ರಗಳಿಗಿಂತ ಹೆಚ್ಚಾಗಿ ಸೃಷ್ಟಿಸಿದ ಸಂಪತ್ತಿಗೆಲ್ಲ ಕಾರಣ ಸುಮಾರು ಶೇ 4ರಷ್ಟು ಕಂಪನಿಗಳು. ಆ ಕೆಲವನ್ನು ಬಿಟ್ಟುಬಿಟ್ಟರೆ ಜಾಣ ಮ್ಯಾನೇಜರೂ ಹಿಂದೆ ಬೀಳುತ್ತಾರೆ. ಹಿಡಿದುಕೊಂಡವರು ಬಹಳ ಮುಂದೆ ಹೋಗುತ್ತಾರೆ. ಅಮೆರಿಕದ ಫಂಡ್ ಮ್ಯಾನೇಜರ್ ಪೀಟರ್ ಲಿಂಚ್ 1977ರಿಂದ 1990ರವರೆಗೆ ಮೆಗೆಲನ್ ಎಂಬ ಆಕ್ಟಿವ್ ಫಂಡನ್ನು ವರ್ಷಕ್ಕೆ ಸರಾಸರಿ ಸುಮಾರು ಶೇ 29ರಂತೆ ಬೆಳೆಸಿದ್ದರು. ಆಮೇಲೆ ಅವರು ಆ ಕೆಲಸ ಬಿಟ್ಟರು. ಫಂಡಿನ ಹೆಸರು ಅದೇ ಉಳಿಯಿತು, ನಡೆಸುವವರು ಬದಲಾದರು.

ಆದ್ದರಿಂದ ಮೊದಲು ಕೇಳಿ: ಈ ದಾಖಲೆ ಮಾಡಿದ ಮ್ಯಾನೇಜರ್ ಈಗಲೂ ಇದ್ದಾರಾ? ಫಂಡ್ ಸೂಚ್ಯಂಕಕ್ಕಿಂತ ನಿಜವಾಗಿ ಬೇರೆಯಾಗಿದೆಯಾ? ಕೆಲವು ಫಂಡ್‌ಗಳು ಹೆಚ್ಚೂಕಡಿಮೆ ಸೂಚ್ಯಂಕವನ್ನೇ ಹಿಡಿದುಕೊಂಡು ಆಕ್ಟಿವ್ ಫೀಸು ವಸೂಲು ಮಾಡುತ್ತವೆ. ಅಂಥದಕ್ಕೆ ದುಡ್ಡು ಕೊಡುವುದು ಸುಮ್ನೆ ದಂಡ. ಮೂರನೆಯದು, ಹೋಲಿಕೆ ಪಟ್ಟಿಯಲ್ಲಿ ಮುಚ್ಚಿಹೋದ ಫಂಡ್‌ಗಳೂ ಸೇರಿವೆಯಾ? ಸೋತವನ್ನು ಬಿಟ್ಟು ಉಳಿದವನ್ನಷ್ಟೇ ಲೆಕ್ಕ ಹಾಕಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಹೋದ ವರ್ಷದ ನಂಬರ್ ಒಂದನ್ನೇ ನೋಡಿ ನಾನೂ ಒಮ್ಮೆ ಒಂದು ಫಂಡ್ ಕೊಂಡಿದ್ದೆ. ಮುಂದಿನ ಮೂರು ವರ್ಷ ಅದು ಸೂಚ್ಯಂಕದ ಹಿಂದೆಯೇ ಉಳಿಯಿತು.

ಹೆಜ್ಜೆ 4: ಬೆರೆಸುವುದಾದರೆ ಲೆಕ್ಕವಿಟ್ಟು ಬೆರೆಸಿ

ಎರಡರಲ್ಲಿ ಒಂದನ್ನೇ ಆರಿಸಬೇಕೆಂದಿಲ್ಲ. ದೊಡ್ಡ ಕಂಪನಿಗಳ ಬಗ್ಗೆ ಸಾವಿರಾರು ಜನ ದಿನವೂ ತಲೆ ಕೆಡಿಸಿಕೊಳ್ಳುತ್ತಾರೆ, ಅಲ್ಲಿ ಹೊಸದೇನಾದರೂ ಕಂಡುಹಿಡಿಯುವುದು ಕಷ್ಟ. ಅಲ್ಲಿಗೆ ಇಂಡೆಕ್ಸ್ ಫಂಡ್ ಸಾಕು ಎನ್ನುವುದು ನನ್ನ ಅಭಿಪ್ರಾಯ. ಹೆಚ್ಚು ಜನರ ಕಣ್ಣು ಬೀಳದ ಸಣ್ಣ ಕಂಪನಿಗಳಲ್ಲಿ ಒಳ್ಳೆಯ ಮ್ಯಾನೇಜರ್‌ಗೆ ಸ್ವಲ್ಪ ಹೆಚ್ಚು ಅವಕಾಶವಿದೆ. ಬಾಂಡ್‌ಗಳಲ್ಲೂ, ಅಂದರೆ ಸಾಲಪತ್ರಗಳಲ್ಲೂ, ಯೋಚಿಸಬೇಕು. ಸಾಮಾನ್ಯ ಬಾಂಡ್ ಸೂಚ್ಯಂಕದಲ್ಲಿ ಯಾರು ಜಾಸ್ತಿ ಸಾಲ ಮಾಡಿದ್ದಾರೋ ಅವರದೇ ದೊಡ್ಡ ಪಾಲು.

ಆದರೆ ನಾಲ್ಕೈದು ಆಕ್ಟಿವ್ ಫಂಡ್ ಒಟ್ಟಿಗೆ ಕೊಳ್ಳಬೇಡಿ. ಒಬ್ಬರು ಕೊಂಡದ್ದನ್ನು ಇನ್ನೊಬ್ಬರು ಮಾರುತ್ತಿರುತ್ತಾರೆ. ಒಟ್ಟು ನೋಡಿದರೆ ನಿಮ್ಮ ಬಳಿ ಇರುವುದು ದುಬಾರಿ ಇಂಡೆಕ್ಸ್ ಫಂಡ್.

ಹೆಜ್ಜೆ 5: ಕೊಳ್ಳುವ ದಿನವೇ ಬರೆದಿಡಿ

ಮುಂದಿನ ಐದು ವರ್ಷದೊಳಗೆ ಬೇಕಾಗುವ ಹಣವನ್ನು ಎರಡೂ ಥರದ ಶೇರು ಫಂಡ್‌ಗಳಿಂದ ದೂರವಿಡಿ. ಉಳಿದದ್ದಕ್ಕೆ ಒಂದು ಹಾಳೆ ತೆಗೆದುಕೊಂಡು ಮೂರು ಸಾಲು ಬರೆಯಿರಿ. ಈ ಫಂಡ್ ಯಾಕೆ ಕೊಂಡೆ. ಎಷ್ಟು ಇಳಿದರೂ ಮಾರುವುದಿಲ್ಲ. ಏನಾದರೆ ಮಾರುತ್ತೇನೆ. ಆಕ್ಟಿವ್ ಫಂಡಿಗೆ ಮೂರನೆಯ ಸಾಲಿನಲ್ಲಿ “ಮ್ಯಾನೇಜರ್ ಬದಲಾದರೆ, ಹೂಡುವ ರೀತಿ ಬದಲಾದರೆ, ಖರ್ಚು ಏರಿದರೆ” ಎಂದಿರಲಿ. ಇಂಡೆಕ್ಸ್ ಫಂಡಿಗೆ “ಹಣ ಬೇಕಾದಾಗ” ಎಂದಷ್ಟೇ ಸಾಕು. ಮಾರಿಬಿಡೋಣ ಎಂದು ಕೈ ತುರಿಸುವ ದಿನ ಮೊದಲು ಆ ಹಾಳೆ ತೆಗೆದು ಓದಿ, ಆಮೇಲೆ ಆ್ಯಪ್ ತೆರೆಯಿರಿ.