ಬೀದಿಯ ಹಳೇ ಕಲ್ಲನ್ನು ಬೀದಿಯಲ್ಲೇ ಉಳಿಸಿಕೊಳ್ಳುವುದು ಹೇಗೆ

ಹಳೇಬೀಡಿನ ಕಡೆ ಪಾಯ ತೆಗೆದಾಗ ಕೆತ್ತನೆ ಕಲ್ಲು ಸಿಕ್ಕರೆ ಯಾರೂ ಆಶ್ಚರ್ಯಪಡುವುದಿಲ್ಲ. ಹೊಯ್ಸಳರ ದ್ವಾರಸಮುದ್ರದ ಮೇಲೇ ಅಲ್ವಾ ಊರು ಕೂತಿರುವುದು? ನಾನು ಈ ಭಾಗದಲ್ಲಿ ಮನೆ, ಕಾಂಪೌಂಡು, ಚರಂಡಿ ಕೆಲಸ ಮಾಡಿಸುವ ಮೇಸ್ತ್ರಿ. ಬೇಲೂರು, ಹಳೇಬೀಡಿನ ದೊಡ್ಡ ಗುಡಿಗಳು 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ಅವಕ್ಕೆ ಬೇಲಿ ಇದೆ, ಕಾವಲಿದೆ. ನನ್ನ ಚಿಂತೆ ಬಸ್ ಸ್ಟಾಪಿನ ಹಿಂದೆ ವಾಲಿ ನಿಂತ ವೀರಗಲ್ಲು, ಹಿತ್ತಿಲಲ್ಲಿ ಮಲಗಿರುವ ಶಾಸನ, ಕಸ ತುಂಬಿದ ಕಲ್ಯಾಣಿಯದು. ಇವಕ್ಕೆ ಬೇಲಿಗಿಂತ ಜನರ ಓಡಾಟ ಬೇಕು. ನಿಧಿ ಆಸೆಗೆ ಕಲ್ಲು ಒಡೆಯುವವರು ಜನ ಸುಳಿಯದ ಜಾಗವನ್ನೇ ನೋಡಿಕೊಂಡು ಬರುತ್ತಾರೆ. ಸಂಜೆ ನಾಲ್ಕು ಜನ ಕೂತು ಮಾತಾಡುವ ಕಟ್ಟೆಯ ಪಕ್ಕ ಹಾರೆ ಹಿಡಿಯಲು ಧೈರ್ಯ ಬೇಕು.

ಕೆಲಸ ಶುರು ಮಾಡುವ ಮುಂಚೆ ಅಕ್ಕಪಕ್ಕ ಕೇಂದ್ರ ಪುರಾತತ್ವ ಇಲಾಖೆಯ ಬೋರ್ಡು ಇದೆಯಾ ನೋಡಿ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರಿಗೆ ಅನುಮತಿ ಬೇಕು. ಮೊದಲೇ ಇರುವ ಮನೆಯ ರಿಪೇರಿಗೂ ಅನುಮತಿ ಕೇಳಬೇಕು. ಪಾಯಕ್ಕೆ ದುಡ್ಡು ಸುರಿದ ಮೇಲೆ ನೋಟಿಸು ಬಂದರೆ ಆಗುವ ಸಂಕಟ ಬೇಡ.

ಅಗೆಯುವಾಗ ಕಲ್ಲು ಸಿಕ್ಕರೆ ಜೆಸಿಬಿ ನಿಲ್ಲಿಸಿ. ಕಲ್ಲನ್ನು ಎತ್ತಬೇಡಿ. ಅದು ಯಾವ ಆಳದಲ್ಲಿ, ಯಾವ ದಿಕ್ಕಿಗೆ ಮುಖ ಮಾಡಿ ಬಿದ್ದಿತ್ತು ಅನ್ನುವುದೇ ತಿಳಿದವರಿಗೆ ಅರ್ಧ ಕಥೆ ಹೇಳುತ್ತದೆ. ಪಕ್ಕದಲ್ಲಿ ಅಳತೆ ಟೇಪು ಇಟ್ಟು ಫೋಟೋ ತೆಗೆಯಿರಿ. ಪಂಚಾಯಿತಿಗೂ ತಹಶೀಲ್ದಾರರಿಗೂ ತಿಳಿಸಿ.

ಅಕ್ಷರ ಕಂಡರೆ ಅರಿಶಿನ, ಸೀಮೆಸುಣ್ಣ ಬಳಿಯಬೇಡಿ. ಕತ್ತಲಾದ ಮೇಲೆ ಮೊಬೈಲ್ ಟಾರ್ಚನ್ನು ಕಲ್ಲಿಗೆ ತಾಗುವಷ್ಟು ಹತ್ತಿರ, ಪಕ್ಕದಿಂದ ಹಿಡಿಯಿರಿ. ಹಗಲು ಬೋಳಾಗಿ ಕಾಣುವ ಕಲ್ಲಿನ ಮೇಲೆ ಸಾಲು ಸಾಲಾಗಿ ಅಕ್ಷರ ಏಳುತ್ತವೆ. ವೀರಗಲ್ಲಾದರೆ ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸದ ಲಿಂಗ. ಒಮ್ಮೆ ಹೀಗೆ ಬೆಳಕು ಬಿಟ್ಟು ಬೀದಿಯ ಮಕ್ಕಳಿಗೆ ತೋರಿಸಿ. ಆಮೇಲೆ ಅವರೇ ಆ ಕಲ್ಲಿನ ಕಾವಲು. ಶಾಸನ ಮೊದಲೇ ದಾಖಲಾಗಿದೆಯಾ ಅಂತಲೂ ನೋಡಿ. ಬಿ. ಎಲ್. ರೈಸ್ ಅವರು ಹಾಸನ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಐದನೇ ಸಂಪುಟದಲ್ಲಿ, ಚಿಕ್ಕಮಗಳೂರು ಕಡೆಯವನ್ನು ಆರನೆಯದರಲ್ಲಿ ತಾಲ್ಲೂಕುವಾರು ಕೊಟ್ಟಿದ್ದಾರೆ. ಅಲ್ಲಿಲ್ಲ ಅಂತ ಸುಮ್ಮನಾಗಬೇಡಿ. ಹಲ್ಮಿಡಿ ಶಾಸನವೂ ಬೇಲೂರು ತಾಲ್ಲೂಕಿನ ಒಂದು ಹಳ್ಳಿಯ ಕಲ್ಲೇ. 1936ರಲ್ಲಿ ಪುರಾತತ್ವ ವಿದ್ವಾಂಸ ಎಂ. ಎಚ್. ಕೃಷ್ಣ ಅವರ ಕಣ್ಣಿಗೆ ಬಿದ್ದ ಮೇಲೆ ನಾಡಿಗೆಲ್ಲ ಗೊತ್ತಾಯಿತು.

ಈಗ ನನ್ನ ಕಸುಬಿನ ಮಾತು. ಹಳೇ ಕಟ್ಟಡಕ್ಕೆ ದಯವಿಟ್ಟು ಸಿಮೆಂಟು ಹಾಕಬೇಡಿ. ಕಲ್ಲುಗೋಡೆಗೆ ಹೊಕ್ಕ ನೀರು ಸಂದಿನ ಗಾರೆಯಿಂದ ಹೊರಗೆ ಹೋಗಬೇಕು. ಸಿಮೆಂಟು ಆ ದಾರಿ ಮುಚ್ಚುತ್ತದೆ. ನೀರು ಕಲ್ಲಿನ ಮುಖದಿಂದಲೇ ಹೊರಬಂದು, ಉಪ್ಪು ಕಟ್ಟಿ, ಕಲ್ಲು ಪದರ ಪದರವಾಗಿ ಏಳುತ್ತದೆ. ಸುಣ್ಣದ ಗಾರೆಯೇ ಸರಿ. ಸುಣ್ಣವನ್ನು ಚೆನ್ನಾಗಿ ನೆನೆಸಿ, ಮರಳು ಸೇರಿಸಿ ಅರೆದು, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಹಾಕಿ ಕಲಸುವುದು ಹಿಂದಿನವರ ಕ್ರಮ. ಖರ್ಚು ಜಾಸ್ತಿ, ಒಣಗಲು ದಿನವೂ ಜಾಸ್ತಿ. ಆದರೂ ಅದೇ ಮಾಡಿಸಿ. ಇದಕ್ಕೂ ಇಲಾಖೆಯನ್ನು ಕೇಳಿಯೇ ಕೈ ಹಾಕಿ.

ನಮ್ಮ ಬಳಪದ ಕಲ್ಲು ಮೆದು. ತಂತಿ ಬ್ರಷ್ಷು, ಆಸಿಡ್ ತಾಗಿದರೆ ಕೆತ್ತನೆ ಸವೆದೇ ಹೋಗುತ್ತದೆ. ನೀರು, ಮೆತ್ತನೆ ಬ್ರಷ್ಷು, ತಾಳ್ಮೆ ಸಾಕು. ಎಣ್ಣೆ ಬಣ್ಣವಂತೂ ಬೇಡವೇ ಬೇಡ. ಸಂದಿನಲ್ಲಿ ಅರಳಿ ಗಿಡ ಬಂದಿದ್ದರೆ ಎಳೆದು ಕೀಳಬೇಡಿ, ಬೇರಿನ ಜೊತೆ ಕಲ್ಲೂ ಬರುತ್ತದೆ. ಬುಡಕ್ಕೆ ಕತ್ತರಿಸಿ, ಮತ್ತೆ ಚಿಗುರಿದಾಗ ಮತ್ತೆ ಕತ್ತರಿಸಿ.

ವೀರಗಲ್ಲಿನ ಪಕ್ಕ ಕೂರಲು ಕಟ್ಟೆ ಮಾಡುವುದಾದರೆ ನಡುವೆ ಒಂದೆರಡು ಅಡಿ ಜಾಗ ಬಿಡಿ. ಕಾಂಕ್ರೀಟು ಕಲ್ಲಿನ ಬುಡಕ್ಕೆ ತಾಗಬಾರದು, ಮಳೆನೀರು ಅಲ್ಲಿ ನಿಲ್ಲಬಾರದು. ಒಂದು ಬೀದಿದೀಪ, ದಪ್ಪ ಅಕ್ಷರದಲ್ಲಿ ಕನ್ನಡದ ಒಂದು ಬೋರ್ಡು ಹಾಕಿಸಿ. ಗ್ರೀಸಿನ ಅಥೆನ್ಸ್‌ನಲ್ಲಿ ಮೆಟ್ರೋ ಅಗೆಯುವಾಗ ಸಿಕ್ಕ ಹಳೇ ಮಡಕೆ, ಗೋಡೆಗಳನ್ನು ಸಿಂಟಾಗ್ಮಾ ನಿಲ್ದಾಣದೊಳಗೇ ಗಾಜಿನ ಹಿಂದೆ ಇಟ್ಟಿದ್ದಾರೆ. ಕೆಲಸಕ್ಕೆ ಹೋಗುವವರು ದಿನಾ ನೋಡುತ್ತಲೇ ಹೋಗುತ್ತಾರೆ. ನಮ್ಮ ಬಸ್ ಸ್ಟಾಪಿನಲ್ಲಿ ಯಾಕಾಗಬಾರದು?

ಕಲ್ಯಾಣಿಗೆ ಮಾತ್ರ ಜೆಸಿಬಿ ಇಳಿಸಲೇಬೇಡಿ. ಮೆಟ್ಟಿಲ ಕಲ್ಲುಗಳು ಒಂದರ ಭಾರಕ್ಕೆ ಒಂದು ನಿಂತಿರುತ್ತವೆ, ಯಂತ್ರದ ತೂಕಕ್ಕೆ ಜಾರುತ್ತವೆ. ಕೈಯಲ್ಲೇ ಹೂಳೆತ್ತಿ. ಹೂಳಿನಲ್ಲಿ ಮೂರ್ತಿಯ ತುಂಡು ಇರಬಹುದು, ನೋಡಿಕೊಂಡು ಬುಟ್ಟಿ ತುಂಬಿಸಿ. ನೀರು ಬರುವ ಕಾಲುವೆ ಮುಚ್ಚಿದ್ದರೆ ಹೂಳೆತ್ತಿಯೂ ಪ್ರಯೋಜನವಿಲ್ಲ. ಅದನ್ನು ಮೊದಲು ಬಿಡಿಸಿ. ಹೇಗಿರಬೇಕು ಅಂತ ತಿಳಿಯಲು ಹಳೇಬೀಡಿನ ಹತ್ತಿರದ ಹುಲಿಕೆರೆಗೆ ಹೋಗಿ ಬನ್ನಿ. ಮೆಟ್ಟಿಲ ಸುತ್ತ ಪುಟ್ಟ ಪುಟ್ಟ ಗುಡಿಗಳಿವೆ, ನೋಡುತ್ತಾ ನಿಂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. ನೀರು ತುಂಬಿದ ಮೇಲೆ ದೀಪೋತ್ಸವ ಮಾಡಿ, ಮಕ್ಕಳನ್ನು ಕರೆದುಕೊಂಡು ಹೋಗಿ. ಬಣ್ಣದ ಗಣಪತಿಯನ್ನು ಮಾತ್ರ ಅದರಲ್ಲಿ ಬಿಡಬೇಡಿ. ಅದಕ್ಕೆ ಬೇರೆ ತೊಟ್ಟಿ ಮಾಡಿಸಿಕೊಡಿ ಅಂತ ಹಬ್ಬಕ್ಕೆ ತಿಂಗಳ ಮುಂಚೆಯೇ ಪಂಚಾಯಿತಿಗೆ ಅರ್ಜಿ ಕೊಡಿ.