ಬಟನ್ ಮೇಲೆ ‘ಹಚ್ಚು’ ಅಂತ ಬರೆದೆ, ನಕ್ಕವರೇ ಈಗ ಕೋಡ್ ಕೇಳ್ತಿದ್ದಾರೆ

ಸಿಂಧನೂರಿನ ಒಂದು ಗೊಬ್ಬರದಂಗಡಿಯವರು ಭತ್ತ, ಹತ್ತಿ ಬಗ್ಗೆ ವಾರಕ್ಕೊಂದು ಪಾಡ್‌ಕಾಸ್ಟ್ ಮಾಡ್ತಾರೆ. ಇಪ್ಪತ್ತು ನಿಮಿಷ, 64 ಕೆಬಿಪಿಎಸ್ ಮೋನೋ, ಹತ್ತಿರತ್ತಿರ 10 ಎಂಬಿ. ಅವರ ಸೈಟಿಗೂ ಇನ್ನು ಆರೇಳು ಡೀಲರುಗಳ ಸೈಟಿಗೂ ಐಫ್ರೇಮಿನಲ್ಲಿ, ಅಂದ್ರೆ ಪುಟದೊಳಗಿನ ಪುಟ್ಟ ಕಿಟಕಿಯಲ್ಲಿ, ಕೂರೋ ಪ್ಲೇಯರ್ ನನ್ನದು. ಮೊದಲನೇದು ನೋಡೋಕೆ ಚೆಂದ ಇತ್ತು: ತೆಳು ತ್ರಿಕೋನ, ಸುತ್ತು ಬಾಣ, ವಾಲ್ಯೂಮಿಗೆ ನಾಜೂಕಾದ ಗೆರೆ. ಹದಿನೆಂಟು ಸಾವಿರ ಎಣಿಸಿಕೊಂಡೆ. ಮೂರು ವಾರಕ್ಕೆ ಮಾಲೀಕರ ಫೋನು: “ಎಲ್ರೂ ಇದು ಹಾಡವಲ್ದು ಅಂತಾರಲ್ರೀ!”

ನೆಟ್‌ವರ್ಕ್ ಮೇಲೆ ಹಾಕಿ ಜಾರಿಕೊಂಡೆ. ಆಮೇಲೆ ಮನಸ್ಸು ಚುಚ್ಚಿ ಒಂದಿನ ಅವರಂಗಡಿಯ ಯೂರಿಯಾ ಚೀಲದ ಮೇಲೆ ಕೂತು ನೋಡಿದೆ. ಬಂದ ಕಾಕಾರೊಬ್ಬರ ಹೆಬ್ಬೆರಳು ಬಿರುಕು ಬಿಟ್ಟಿತ್ತು, ಫೋನಿನ ಗಾಜೂ ಬಿರುಕು. ಒತ್ತಿದರು. ಮೂರ್ನಾಲ್ಕು ಸೆಕೆಂಡ್ ಏನೂ ಇಲ್ಲ. ಮತ್ತೆ ಒತ್ತಿದರು. “ಒತ್ತೀನಿ ತಮ್ಮಾ, ಮತ್ತ್ ಒತ್ತೀನಿ, ಏನೂ ಆಗವಲ್ದು.”

ಆಗೋದಾದರೂ ಹೇಗೆ? ನಾನು ಐಕಾನ್ ಬದಲಾಯಿಸಿದ್ದು ‘ಪ್ಲೇಯಿಂಗ್’ ಇವೆಂಟ್, ಅಂದ್ರೆ ದನಿ ಶುರುವಾಯ್ತು ಅಂತ ಬ್ರೌಸರ್ ಕೊಡೋ ಸುದ್ದಿ, ಬಂದ ಮೇಲೆ. ದನಿ ಬರೋವರೆಗೂ ತ್ರಿಕೋನ ತ್ರಿಕೋನವಾಗೇ ಇರ್ತಿತ್ತು. ಅವರ ಎರಡನೇ ಒತ್ತು ಪಾಜ್. ಡೇಟಾ ಉಳಿಯಲಿ ಅಂತ ಪ್ರೀಲೋಡ್ ‘ನನ್’ (none, ಒತ್ತೋವರೆಗೂ ಏನೂ ಇಳಿಸಬೇಡ ಅಂತ) ಬೇರೆ ಇಟ್ಟಿದ್ದೆ. ‘ಮೆಟಾಡೇಟಾ’ (ಕಂತಿನ ಉದ್ದದಂಥ ವಿವರ ಮಾತ್ರ ಮೊದಲೇ ತರಿಸೋದು) ಮಾಡಿ ನೋಡಿದೆ, ಒಂದೇ ಪುಟದಲ್ಲಿ ಎಂಟು ಕಂತು ಇದ್ದಲ್ಲಿ ಎಂಟೂ ಒಟ್ಟಿಗೆ ಸರ್ವರ್ ಬಾಗಿಲು ಬಡಿದವು. ಮತ್ತೆ ‘ನನ್’ಗೇ ಬಂದೆ.

ಈಗ ಬೆರಳು ತಾಕಿದ ಕೂಡಲೇ ಬಟನ್ ಬಣ್ಣ ಬದಲಾಗಿ ‘ತಡೀರಿ, ಬರ್ತದ’ ಅಂತ ಆಗುತ್ತೆ. ಅಷ್ಟೊತ್ತು ಮತ್ತೆ ಒತ್ತಿದರೆ ಪಾಜ್ ಆಗಲ್ಲ. ಎಷ್ಟೊತ್ತು ಅನ್ನೋದರಲ್ಲೇ ಇಡೀ ಆಟ ಇರೋದು. 400 ಮಿಲಿಸೆಕೆಂಡಿನಿಂದ ಎರಡು ಸೆಕೆಂಡಿನವರೆಗೂ ಒದ್ದಾಡಿ ಒಂದು ಲೆಕ್ಕ ಹಿಡಿದಿದ್ದೀನಿ. ಅದು ನನ್ನ ಅನ್ನ, ಹೇಳಲ್ಲ.

ಗಾತ್ರದ ವಿಷಯಕ್ಕೆ ಗೆಳೆಯರೆಲ್ಲ ರೂಲ್ ತೋರಿಸಿದರು. ವೆಬ್ ಎಲ್ಲರಿಗೂ ಬಳಸೋಕೆ ಆಗಲಿ ಅಂತಿರೋ ಡಬ್ಲ್ಯೂಸಿಎಜಿ 2.2 ಸೂಚಿಗಳ ಡಬಲ್ ಎ ಮಟ್ಟಕ್ಕೆ 24 ಪಿಕ್ಸೆಲ್ ಸಾಕು, ಆಂಡ್ರಾಯ್ಡ್‌ನವರು 48 ಅಂತಾರೆ. 48 ಇಟ್ಟೆ, ಆದ್ರೂ ಪಾಜ್ ಒತ್ತೋಕೆ ಹೋಗಿ ಪಕ್ಕದ ‘ಮುಂದೆ’ಗೆ ಬೆರಳು ಬೀಳ್ತಿತ್ತು. ಕೊನೆಗೆ ಪ್ಲೇ ಬಟನ್ನಿಗೆ ಇಡೀ ಅಗಲ ಕೊಟ್ಟು 72 ಎತ್ತರ ಮಾಡಿದೆ, ಉಳಿದವನ್ನ ಕೆಳಗಿಳಿಸಿದೆ. ವಾಲ್ಯೂಮ್ ಗೆರೆ ಕಿತ್ತೆಸೆದೆ. ಪುಟದ ಜಾವಾಸ್ಕ್ರಿಪ್ಟ್ ಕೋಡ್ ಹೇಳಿದ ವಾಲ್ಯೂಮನ್ನ ಐಫೋನ್ ಹೇಗೂ ಕೇಳಲ್ಲ.

ಪದಕ್ಕೆ ‘ಪ್ಲೇ’ ಇಟ್ಟೆ, ‘ಕೇಳಿ’ ಇಟ್ಟೆ. ‘ಕೇಳಿ’ ಅಂದ್ರೆ ಪ್ರಶ್ನೆ ಕೇಳೋ ಬಟನ್ ಅಂದ್ಕೊಂಡರು! ನಮ್ಮ ಕಡೆ ರೇಡಿಯೋನೂ ಹಚ್ಚೋದೇ, ದೀಪಾನೂ ಹಚ್ಚೋದೇ. ‘ಹಚ್ಚು’ ಅಂತ ಬರೆದೆ. ಬೆಂಗಳೂರಿನ ಡಿಸೈನರ್ ಗೆಳೆಯ “ಇದೇನ್ ಗುರು, ಲಾರಿ ಹಿಂದಿನ ಬೋರ್ಡಾ?” ಅಂದ. ಒಂದು ಲಾಭ ಅವನಿಗೂ ಹೊಳೆದಿರಲಿಲ್ಲ. ಮೊದಲು ಐಕಾನಿಗೆ ಲೇಬಲ್ ಹಾಕೋಕೆ ಮರೆತಿದ್ದೆ, ಕಣ್ಣು ಕಾಣದವರಿಗೆ ಪರದೆ ಓದಿ ಹೇಳೋ ಟಾಕ್‌ಬ್ಯಾಕ್ ‘ಬಟನ್’ ಅಂತಷ್ಟೇ ಓದ್ತಿತ್ತು. ಈಗ ಬರೆದ ಮಾತನ್ನೇ ಓದುತ್ತೆ.

ಕೈಸುಟ್ಟುಕೊಂಡದ್ದು ಇನ್ನೊಂದಿದೆ. ಬೆಳೆಗೆ ಎಣ್ಣಿ (ಕೀಟನಾಶಕ) ಹೊಡೆಯೋ ಕಂತಿನಲ್ಲಿ ‘ಲೀಟರಿಗೆ ಇಷ್ಟು ಎಂಎಲ್’ ಅನ್ನೋ ಜಾಗ ಮತ್ತೆ ಕೇಳ್ಬೇಕು, ಹಾಗಾಗಿ ‘10 ಸೆಕೆಂಡ್ ಹಿಂದ’ ಬಟನ್ನನ್ನ ‘ಮುಂದ’ಕ್ಕಿಂತ ದೊಡ್ಡದು ಮಾಡಿದ್ದೆ. ಅದೇ ಹೊತ್ತಿಗೆ ದುಡ್ಡುಳಿಸೋಕೆ ಆಡಿಯೋನ ಅಗ್ಗದ ಹೋಸ್ಟಿಂಗಿಗೆ ಸಾಗಿಸಿದೆ, ವರ್ಷಕ್ಕೆ ಎರಡೂವರೆ ಸಾವಿರ ಇರಬೇಕು. ಹಿಂದ ಒತ್ತಿದರೆ ಕಂತು ಮೊದಲಿಂದ ಶುರು! ಎರಡು ರಾತ್ರಿ ನನ್ನ ಕೋಡನ್ನೇ ಬೈದೆ. ನೋಡಿದರೆ ರೇಂಜ್ ರಿಕ್ವೆಸ್ಟಿಗೆ, ಅಂದ್ರೆ ‘ಫೈಲಿನ ಇಂಥ ತುಣುಕು ಮಾತ್ರ ಕೊಡು’ ಅನ್ನೋ ಕೋರಿಕೆಗೆ, ಆ ಸರ್ವರ್ 206 (ತಗೋ ತುಣುಕು) ಬದಲು 200 (ತಗೋ ಇಡೀ ಫೈಲು) ಕೊಡ್ತಿತ್ತು. ದುಡ್ಡು ವಾಪಸ್ ಬರಲಿಲ್ಲ.

ನಡುವೆ ಒತ್ತಿದಾಗ ಫೋನ್ ನಡುಗೋ ಹಾಗೂ ಮಾಡಿದ್ದೆ. ಆಂಡ್ರಾಯ್ಡಿನಲ್ಲಿ ನಡುಗಿತು, ಕಾಕಾ ಬೆಚ್ಚಿ ಫೋನೇ ಬೀಳಿಸಿದರು. ತೆಗೆದೆ.

ಮೊದಲು ಹತ್ತರಲ್ಲಿ ಮೂವರು ಒಂದು ನಿಮಿಷ ದಾಟ್ತಿದ್ದರು, ಈಗ ಏಳು ಜನ, ನೆನಪಿದ್ದ ಮಟ್ಟಿಗೆ. ಮಾಲೀಕರು ಕೇಳದೇನೇ ಇನ್ನೈದು ಸಾವಿರ ಕೊಟ್ಟರು. ಲಾರಿ ಬೋರ್ಡ್ ಅಂದವನು ಮೊನ್ನೆ ಫೋನ್ ಮಾಡಿ ಕೋಡ್ ಕೇಳಿದ. ಕಳಿಸಿದೆ, ಆ ಮಿಲಿಸೆಕೆಂಡಿನ ಸಾಲು ತೆಗೆದು.